ಕೇಳಿದ ಅತ್ತರ್ ಕೊಡದ ಚಾಂದಪಾಷಾ

ಸಿಂಧನೂರು ಬಸ್ ಸ್ಟ್ಯಾಂಡ್ ಹಿಂದೆ ಅತ್ತರ್ ಮಾರುವ ಚಾಂದಪಾಷಾ ಕೇಳಿದ್ದನ್ನು ಕೊಟ್ಟವನೇ ಅಲ್ಲ. "ವಯಸ್ಸೆಷ್ಟ್ರಿ? ಎಲ್ಲಿಗೆ ಹೊಂಟೀರಿ?" ಅಂತ ವಿಚಾರಿಸಿದ ಮೇಲೇ ಬಾಟ್ಲಿ ಮುಚ್ಚಳ ತೆಗೀತಾನ. ಹೆಣ್ಣು ನೋಡಲು ಹೊರಟವನಿಗೆ ಹಗುರ ಮಲ್ಲಿಗೆ, ಕೋರ್ಟಿಗೆ ಹೊರಟವನಿಗೆ ತಲೆ ತಣ್ಣಗಿರಲೆಂದು ಗಂಧ. ಅರವತ್ತು ದಾಟಿದ ನರಸಣ್ಣ ಟಿವಿಯಲ್ಲಿ ಬರುವ ಸೆಂಟು ಕೇಳಿದ್ದಕ್ಕೆ, "ಅದನ್ನ ಹಚ್ಚಿಕೊಂಡ್ರ ಮೊಮ್ಮಗನ ಅಂಗಿ ಕದ್ದೀ ಅಂತಾರ, ಲಾವಂಚದ ಖಸ್ ತಗೋ ಕಾಕಾ" ಅಂದಿದ್ದ. ಮಣಿಕಟ್ಟಿಗೆ ಒಂದು ಹನಿ ಸವರಿ, ಬೆವರಿನ ಜೊತೆ ಹೊಂದುತ್ತೋ ಇಲ್ಲೋ ನೋಡಲು ಸ್ಟ್ಯಾಂಡ್ ಸುತ್ತಿ ಬಾ ಅಂತ ಕಳಿಸುತ್ತಾನೆ. ಹಂಗ ಸುತ್ತುತ್ತಲೇ ಎಷ್ಟೋ ಮಂದಿ ಮಸ್ಕಿ ಬಸ್ ತಪ್ಪಿಸಿಕೊಂಡಾರ. ನಾನು ತುರ್ವಿಹಾಳದಲ್ಲಿ ಭತ್ತದ ಗದ್ದೆಗೆ ಔಷಧಿ ಹೊಡೆಯುವವ, ಅಂಗಿಗೂ ಮೈಗೂ ಆ ವಾಸನೆ ಹತ್ತಿಬಿಟ್ಟದ. ಲಿಂಗಸುಗೂರಿನಲ್ಲಿ ಹಡೆದಿದ್ದ ಮಗಳು ಅಮರೇಶ್ವರಿ ಕೂಸನ್ನು ನನ್ನ ಕೈಗೆ ಕೊಡಲಿಕ್ಕಿಲ್ಲ ಅಂತ ದಿಗಿಲಾಗಿ, ಎಲ್ಲಕ್ಕಿಂತ ಜೋರಿನ ಅತ್ತರ್ ಕೇಳಿದೆ. "ಕೂಸಿನ ಮುಂದ ಯಾವ ಅತ್ತರೂ ಬ್ಯಾಡ್ರಿ" ಅಂದ. ನನಗೆ ಸಿಟ್ಟು ನೆತ್ತಿಗೇರಿತು. "ಮಾರಾಕ ಕುಂತೀಯೋ, ಬುದ್ಧಿ ಹೇಳಾಕ ಕುಂತೀಯೋ ಲೇ" ಅಂತ ಅವನ ಅತ್ತರ್ ಪೆಟ್ಟಿಗೆಯನ್ನು ಒದ್ದುಬಿಟ್ಟೆ. ಆ ಪುಣ್ಯಾತ್ಮ ಉರುಳಿದ ಬಾಟ್ಲಿಗಳನ್ನು ಆರಿಸಿಟ್ಟು, ನನ್ನನ್ನು ಮನೆಗೆ ಕರೆದೊಯ್ದು, ನೀರು ಕಾಸಿ, ಸೀಗೆಕಾಯಿ ಹಚ್ಚಿ ಮೂರು ಸಲ ಬೆನ್ನು ತಿಕ್ಕಿದ. ತನ್ನ ಮೊಮ್ಮಗಳನ್ನು ಎತ್ತಿಕೊಳ್ಳಲಿಕ್ಕೆಂದೇ ಬೇರೆ ಇಟ್ಟಿದ್ದ, ಅತ್ತರ್ ತಾಕದ ಬಿಳಿ ಅಂಗಿ ತೊಡಿಸಿದ. ಕೊರಳ ಹತ್ತಿರ ಮೂಸಿ ನೋಡಿ, "ಈಗ ಹೋಗ್ರಿ ಅಜ್ಜಾರ" ಅಂದ. ಲಿಂಗಸುಗೂರಿನಲ್ಲಿ ಅಮರೇಶ್ವರಿ ಕೂಸನ್ನು ನನ್ನ ಎದೆ ಮೇಲೆ ಮಲಗಿಸಿದಳು.