ಬೆನ್ನು ನೆಲಕ್ಕೆ ಹತ್ತಿದ ಮೇಲೆ

ಮೊಳಕಾಲ್ಮುರಿನವನ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಅವನಿಗೂ ಅಷ್ಟೇ. ಹೆವಿವೇಟ್ ಬಾಕ್ಸಿಂಗಿನಲ್ಲಿ ಇಬ್ಬರೂ ಆಗತಾನೇ ಮೇಲೆ ಬರುತ್ತಿದ್ದೆವು. ಜಿಲ್ಲೆಯ ಪಟ್ಟ ಗೆದ್ದವನಿಗೆ ಮಾತ್ರ ರಾಜ್ಯದ ಶಿಬಿರ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುವ ಬದುಕಿನಿಂದ ಹೊರಬೀಳಲು ನನಗಿದ್ದದ್ದು ಅದೊಂದೇ ದಾರಿ.

ಪಂದ್ಯ ನಮ್ಮ ಚಳ್ಳಕೆರೆಯ ಎಪಿಎಂಸಿ ಯಾರ್ಡಿನಲ್ಲೇ ನಡೆಯಿತು. ನೀರು, ಟವೆಲ್ ಹಿಡಿದು ನನ್ನ ಮೂಲೆಯಲ್ಲಿ ನಿಲ್ಲುವವನು ತಾನೇ ಎಂದು ಅಪ್ಪ ಹಟ ಹಿಡಿದ. ಅವನು ಹಳೆಯ ಕುಸ್ತಿ ಪೈಲ್ವಾನ. "ಕೈಗೆ ಮೆತ್ತೆ ಕಟ್ಕಂಡು ಗುದ್ದಾಡೋದೂ ಒಂದು ಆಟವೇನ್ಲೇ?" ಎಂದು ಮೂದಲಿಸುತ್ತಿದ್ದವನಿಗೆ ಅಂದು ಎಲ್ಲಿಲ್ಲದ ಹುರುಪು. "ಆಟ ಮುಗಿಯೋಗಂಟ ಹಗ್ಗದೊಳಗೆ ಕಾಲಿಡಬ್ಯಾಡ್ರಿ," ಎಂದು ನನ್ನ ಕೋಚ್ ಹೇಳಿದ್ದಕ್ಕೆ ತಲೆಯನ್ನೂ ಆಡಿಸಿದ್ದ.

ಮೊದಲೆರಡು ಸುತ್ತು ಮೊಳಕಾಲ್ಮುರಿನವನು ನನ್ನನ್ನು ಚೆನ್ನಾಗಿಯೇ ಜಜ್ಜಿದ. "ಕೊಟ್ಟರಾ ವಾಣ್ಣಿ!", ಹೊಡಿಯೋ ಅವನಿಗೆ, ಎಂದು ಅವನ ಕಡೆಯವರು ತೆಲುಗಿನಲ್ಲಿ ಹುರಿದುಂಬಿಸುವಾಗ ನನ್ನ ಮೈಯೆಲ್ಲ ಉರಿಯಿತು. ಮೂರನೆಯ ಸುತ್ತಿನಲ್ಲಿ ನನ್ನ ಬಲಗೈ ಅವನ ದವಡೆಗೆ ಸರಿಯಾಗಿ ಕೂತಿತು. ಅಂಗಾತ ಬಿದ್ದ. ರೆಫರಿ ಎಣಿಸತೊಡಗಿದ. ಹತ್ತರೊಳಗೆ ಏಳದಿದ್ದರೆ ಪಟ್ಟ ನನ್ನದು.

ಎಣಿಕೆ ಇನ್ನೂ ಅರ್ಧಕ್ಕೆ ಬಂದಿತ್ತಷ್ಟೇ, ಯಾರೋ ಹಿಂದಿನಿಂದ ನನ್ನನ್ನು ಎತ್ತಿದರು. ಅಪ್ಪ! ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಮುಗಿಯಿತಲ್ಲ, ಹಗ್ಗ ನುಸುಳಿ ಒಳಗೇ ಬಂದಿದ್ದ. "ಚಿತ್ ಮಾಡ್ದ ನನ್ ಮಗ!" ಎನ್ನುತ್ತ ನನ್ನ ತಲೆಗೆ ಜರಿ ಪೇಟ ಇಟ್ಟ. ಅವನ ವಾರಿಗೆಯ ಪೈಲ್ವಾನರೂ ಹಲಗೆ ಬಡಿಸಿಕೊಂಡು ನುಗ್ಗಿದರು.

"ಇಳ್ಸಪ್ಪಾ, ಆಟ ಮುಗಿದಿಲ್ಲ!" ಎಂದು ಒದರಿದೆ. ಯಾರು ಕೇಳಬೇಕು?

ರೆಫರಿ ಎಣಿಕೆ ನಿಲ್ಲಿಸಿದ. ಮೂಲೆಯವನು ಒಳಗೆ ಬಂದರೆ ಆಟಗಾರ ಸೋತಂತೆ, ಅದೇ ನಿಯಮ. ಇಬ್ಬರು ಹಿಡಿದು ನಿಲ್ಲಿಸಿದ ಮೊಳಕಾಲ್ಮುರಿನವನ ಕೈ ಮೇಲೆದ್ದಿತು.

"ಬೆನ್ನು ನೆಲಕ್ಕೆ ಹತ್ತೈತೆ, ಇನ್ನೇನ್ ಬೇಕು ನಿಮಗೆ?" ಎಂದು ಅಪ್ಪ ರೆಫರಿಯ ಮೇಲೇ ಏರಿ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ತುತ್ತನ್ನು ಹೆತ್ತವನೇ ತಟ್ಟಿ ಬೀಳಿಸಿದ. ಅವತ್ತು ಅಪ್ಪನ ದವಡೆಗೂ ಒಂದು ಕೊಡಬೇಕೆನಿಸಿತ್ತು, ಸುಳ್ಳೇಕೆ ಹೇಳಲಿ.

ಅಪ್ಪ ಬರದಿದ್ದರೂ ಮೊಳಕಾಲ್ಮುರಿನವನು ಎದ್ದು ನಿಲ್ಲುತ್ತಿದ್ದ, ನನ್ನನ್ನು ಸೋಲಿಸುತ್ತಿದ್ದ ಎಂದು ಮನಸ್ಸಿಗೆ ಹೇಳಿಕೊಂಡೇ ಅಪ್ಪನೊಂದಿಗೆ ಒಂದೇ ಮನೆಯಲ್ಲಿ ಬಾಳಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮುರಿನವನೇ ಸಿಕ್ಕ. ಮೈಮೇಲೆ ರಾಜ್ಯ ತಂಡದ ಅಂಗಿ.

"ನಿಮ್ಮಪ್ಪ ಬರದಿದ್ರೆ ನಾನು ಏಳ್ತಿರಲಿಲ್ಲ ಕಣ್ಲೇ. ಎಣಿಸೋದು ಕೇಳ್ತಿತ್ತು, ಕಾಲು ಮಾತ್ರ ನನ್ನವಲ್ಲ," ಎಂದು ನಕ್ಕ. "ನಮಸ್ಕಾರ ಹೇಳು ಅವರಿಗೆ."

ಮನೆಗೆ ಬಂದರೆ, ಅಪ್ಪ ಕಟ್ಟೆಯ ಮೇಲೆ ಕೂತು ಯಾರಿಗೋ ನಾನು ಗೆದ್ದ ಕಥೆ ಹೇಳುತ್ತಿದ್ದ.