ಹಿರಿ ಅಳಿಯನ ಅನಾರಸ

ಕೆಳಗಿನ ಮನೆಯ ಕಿಟಕಿಯಿಂದ ತುಪ್ಪದಲ್ಲಿ ಅನಾರಸ ಕರಿಯುವ ವಾಸನೆ ಬಂತು. ಅಧಿಕ ಮಾಸ ಬಂದೇಬಿಟ್ಟಿತಲ್ಲ ಅಂದುಕೊಂಡೆ. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳು ನಮ್ಮ ಮಿರಜ ಕಡೆ ಅಳಿಯಂದಿರ ಸುಗ್ಗಿ, ನೋಡ್ರಿ. ಮಗಳನ್ನೂ ಅಳಿಯನನ್ನೂ ಕರೆದು, ಮಣೆ ಹಾಕಿ ಕೂಡಿಸಿ, ಮೂವತ್ಮೂರು ಅನಾರಸ, ಮೇಲೊಂದು ಅರಿವೆ ಕೊಡಬೇಕು. ಅನಾರಸವೆಂದರೆ ಕಜ್ಜಾಯದಂಥದ್ದೇ, ಅಕ್ಕಿ ಮೂರು ದಿನ ನೆನೆಯಬೇಕು, ಬೆಲ್ಲ ಹದವಾಗಿರಬೇಕು. ನಾನೊಮ್ಮೆ ಮಾಡಹೋಗಿ ಎಲ್ಲಾ ತುಪ್ಪದಲ್ಲೇ ಕರಗಿ, ಚಮಚದಿಂದ ತಿಂದಿದ್ದೆವು.

ತಿಂದವರು ಅಂದರೆ ನಾನು, ವಂದನಾ. ಅವಳು ಕುಪವಾಡದ ಮರಾಠಿ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ನಾನು ಬೇಡಗ ಎಂಬ ಹಳ್ಳಿಯವಳು, ಔಷಧದಂಗಡಿಯಲ್ಲಿ ಕೆಲಸ. ಒಂಬತ್ತು ವರ್ಷದಿಂದ ಒಂದೇ ಮನೆ, ಒಂದೇ ಒಲೆ, ಒಂದೇ ಜಗಳ, ಅದೂ ಫ್ಯಾನಿನದು. ಇದು ಬರೀ ಗೆಳೆತನವಲ್ಲ, ಸಂಸಾರ ಎಂದು ಅವ್ವನಿಗೆ ಮೊದಲ ವರ್ಷವೇ ಹೇಳಿದ್ದೆ. ಅವ್ವ ಬೈಯಲಿಲ್ಲ, ಅಳಲಿಲ್ಲ. ನಮ್ಮ ಮನೆಗೆ ಕಾಲಿಡಲೇ ಇಲ್ಲ. ಊರವರಿಗೆ ‘ರೂಮ್ ಪಾರ್ಟನರ್’ ಅಂತ ಹೇಳಿಟ್ಟಿದ್ದಳು. ಹಬ್ಬಕ್ಕೆ ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಅವ್ವನಿಗೆ ಧೈರ್ಯವಿಲ್ಲ ಎಂದು ಗೊಣಗುವುದು ಆರು ವರ್ಷ ನನ್ನ ಖಾಯಂ ಕೆಲಸ. ಮಾವಶಿ ಒಂದಿನ ಬರ್ತಾರ ಬಿಡು ಅನ್ನುವುದು ವಂದನಾಳ ಖಾಯಂ ಉತ್ತರ; ಅವ್ವ ಅವಳಿಗೆ ಮಾವಶಿ.

ಹಿಂದಿನ ಅಧಿಕದಲ್ಲಿ ಒಂದು ಮಧ್ಯಾಹ್ನ ಬಾಗಿಲು ಬಡಿದ ಸಪ್ಪಳ. ತೆಗೆದರೆ ಅವ್ವ! ಕೈಯಲ್ಲಿ ಸ್ಟೀಲ್ ಡಬ್ಬಿ, ಬಗಲಲ್ಲಿ ಚೀಲ. ಬಂದಳು, ಕೂತಳು, ನೀರು ಕುಡಿದಳು, ಆಕಿ ಎಲ್ಲಿ ಅಂದಳು. ವಂದನಾ ಡ್ಯೂಟಿ ಮುಗಿಸಿ ಬರುವತನಕ ಡಬ್ಬಿಯ ಮುಚ್ಚಳ ಮುಟ್ಟಗೊಡಲಿಲ್ಲ. ಅವಳು ಬಂದದ್ದೇ ತಡ, ಯುನಿಫಾರ್ಮಿನಲ್ಲೇ ಕೂಡಿಸಿ, ಕುಂಕುಮ ಹಚ್ಚಿ, ಆರತಿ ಎತ್ತಿ, ಡಬ್ಬಿಯನ್ನು ಕೈಗಿಟ್ಟು, ಚೀಲದಿಂದ ಅರಿವೆ ತೆಗೆದಳು. ಪ್ಯಾಂಟ್ ಪೀಸು, ಶರ್ಟ್ ಪೀಸು, ಮೇಲೊಂದು ಬಿಳಿ ಟೊಪ್ಪಿಗೆ.

ನನಗೆ ನಗು ತಡೆಯಲಾಗಲಿಲ್ಲ. ಹೆಣ್ಣುಮಗಳಿಗೆ ಒಂದು ಸೀರೆ ತರಬಾರದಿತ್ತೇ ಎಂದು ಕೇಳಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ, ವಂದನಾಳಿಗೇ ಹೇಳಿದಳು:

“ಅಂಗಡ್ಯಾವ ಯಾರಿಗಿ ಬೇಕ್ರಿ ಅಂತ ಕೇಳಿದ. ನಮ್ಮ ಹಿರಿ ಅಳಿಯಗ ಅಂದೆ. ಬಾಯಿಗೆ ಅದ ಬಂತ ಯವ್ವಾ. ಅವ ಇದನ್ನ ತಗದು ಕೊಟ್ಟ. ಆಮ್ಯಾಲ ಸೀರಿ ಕೊಡು ಅಂತ ಹೆಂಗ ಕೇಳ್ಲಿ?”

ವಂದನಾ ಟೊಪ್ಪಿಗೆ ತಲೆಗೇರಿಸಿಕೊಂಡೇ ಅವ್ವನಿಗೆ ನಮಸ್ಕಾರ ಮಾಡಿದಳು. ನಾನು ಚಹಾದ ನೆಪದಲ್ಲಿ ಅಡಿಗೆಮನೆಗೆ ಹೋಗಿ ಅತ್ತೆ. ಅಂಥ ಸುಖದ ಅಳು ನಾನು ಅತ್ತೇ ಇರಲಿಲ್ಲ. ಸಕ್ಕರೆ ಹಾಕಿದ್ದು ಮರೆತು ಎರಡು ಸಲ ಹಾಕಿದೆ. ಇಬ್ಬರೂ ಕೊನೆಯ ಗುಟುಕಿನವರೆಗೆ ಕುಡಿದರು.

ಇದನ್ನೆಲ್ಲ ನೆನೆಯುತ್ತ ಕೂತಾಗಲೇ ಫೋನು ಬಂತು. ನನಗಲ್ಲ, ವಂದನಾಳಿಗೆ. ಅವ್ವ ಈಗೀಗ ಅವಳಿಗೇ ಫೋನ್ ಮಾಡುವುದು, ನನಗೇನಿದ್ದರೂ ಅವಳ ಮುಖಾಂತರ ಸುದ್ದಿ. ಈ ಸಲ ತಾನು ಬರುವುದಿಲ್ಲವಂತೆ, ನಾವಿಬ್ಬರೂ ಬೇಡಗಕ್ಕೆ ಹೋಗಬೇಕಂತೆ. ತಂಗಿ, ಅವಳ ಗಂಡ, ಕಾಕಾಗಳು, ಓಣಿಯ ಮಂದಿ ಎಲ್ಲ ಇರುತ್ತಾರಂತೆ. ಧೈರ್ಯದ ಬಗ್ಗೆ ಅಷ್ಟು ಗೊಣಗಿದ ನಾನು ಫೋನು ಕಸಿದುಕೊಂಡು ಕೇಳಿದ್ದೇನು ಗೊತ್ತೇ? ಈಕೆ ಯಾರು ಅಂತ ಮಂದಿ ಕೇಳಿದರೆ ಏನು ಹೇಳುವುದು ಅಂತ!

“ಕೇಳ್ಲಿ. ಸಣ್ಣ ಅಳಿಯನ ಬಾಜೂಕ ಆಕಿಗೆ ಮಣಿ ಹಾಕತೇನಿ. ಕಣ್ಣಿದ್ದಾವ್ರು ನೋಡ್ತಾರ.”

ಬರುತ್ತೇವೆ ಅಂದೆ. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಕೂಡಿ ನನ್ನ ಊರಿಗೆ ಹೊರಟದ್ದು ಇದೇ ಮೊದಲು.