ಮಾವನ ಮುಖ, ನನ್ನ ಮಾತು

ನಮ್ಮ ಮನೆಗೆ ಮೊದಲು ಬಂದ ದೊಡ್ಡ ಫೋನು ಮಾವನವರದು. ರೇಷ್ಮೆಗೂಡಿನ ರೇಟು ನೋಡಲು ಬೇಕೆಂದು ಕೋಲಾರದಿಂದ ತಂದಿದ್ದರು. ಅಂಗಡಿಯವನೇ ಅದರಲ್ಲಿ ಅಕೌಂಟ್ ತೆರೆದು, ಅವರನ್ನು ಅಲ್ಲೇ ನಿಲ್ಲಿಸಿ ತೆಗೆದ ಫೋಟೋ ಹಾಕಿ ಕೊಟ್ಟಿದ್ದ. ಹೆಗಲ ಮೇಲೆ ಟವೆಲ್, ದಪ್ಪ ಮೀಸೆ, ಯಾರಿಗೋ ಬಯ್ಯಲು ಹೊರಟಂತಿರುವ ಮುಖ. ನಿಜದಲ್ಲಿ ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಫೋನು ಇರುತ್ತಿದ್ದದ್ದು ಹುಳುಮನೆಯ ಕಿಟಕಿಯಲ್ಲಿ, ಅಂದರೆ ನನ್ನ ಕೈಯಲ್ಲಿ. ಹುಳುಗಳು ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅವಕ್ಕೆ ಜ್ವರ ಬಂದರೆ ಸೊಪ್ಪು ಹಾಕುವವಳಿಗೆ ರಜೆ. ಆ ರಜೆಯಲ್ಲಿ ನಾನು ಜಿಲ್ಲೆಯ ಸುದ್ದಿ ಹಾಕುವ ಒಂದು ಪುಟದ ಕಾಮೆಂಟ್ ಓದುತ್ತಿದ್ದೆ. ಸುದ್ದಿಗಿಂತ ಅದೇ ರುಚಿ. ಮಾಲೂರಿನವರು ಮುಳಬಾಗಿಲಿನವರ ಕಾಲೆಳೆಯುವರು, ಶ್ರೀನಿವಾಸಪುರದವರು ಯಾವ ಸುದ್ದಿಯನ್ನಾದರೂ ಮಾವಿನಹಣ್ಣಿಗೇ ತಂದು ನಿಲ್ಲಿಸುವರು, ನಡುವೆ ಒಬ್ಬ ತೆಲುಗಿನಲ್ಲಿ ಎಲ್ಲರನ್ನೂ ಸೇರಿಸಿ ಬಯ್ದು ಹೋಗುವನು. ನನಗೂ ಬಾಯಿ ತುರಿಸಿತು. ಹೊಸ ಬಸ್ ತಂಗುದಾಣದ ಉದ್ಘಾಟನೆಯ ಫೋಟೋ ಕೆಳಗೆ 'ಚೆನ್ನಾಗಿದೆ, ಬಸ್ಸಿಗೂ ಯಾರಾದ್ರೂ ಅಡ್ರೆಸ್ ಹೇಳಿ' ಅಂತ ಬರೆದೆ. ಜನ ಬಿದ್ದು ಬಿದ್ದು ನಕ್ಕರು. ನಕ್ಕಿದ್ದು ಮಾವನವರ ಮುಖ ನೋಡಿಕೊಂಡು ಅನ್ನುವುದನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಒಂದು ದಿನ ಒಬ್ಬಾತ ಬರೆದಿದ್ದ, 'ಹೆಂಗಸ್ರ ಕೈಗೆ ಫೋನ್ ಬಂದ್ಮೇಲೆ ಹುಳಕ್ಕೆ ಸೊಪ್ಪು ಹಾಕೋರೇ ಇಲ್ಲ.' ನಾನು ಬರೆದೆ, 'ಇಷ್ಟು ದಿನ ಹಾಕ್ತಿದ್ದಿದ್ದು ಹೆಂಗಸ್ರೇ ಅಂತ ಒಪ್ಕೊಂಡ್ರಲ್ಲ, ಸಂತೋಷ. ನೀವೇನ್ ಮಾಡ್ತಿದ್ರಿ, ಕಾಮೆಂಟಾ?'

ಮರುದಿನ ಮಾವ ಟೀ ಅಂಗಡಿಯಿಂದ ಬಂದರು. ನಡಿಗೆಯೇ ಬೇರೆ ಇತ್ತು.

"ಎಲ್ಲಾ ಬೆನ್ನು ತಟ್ಟಿದ್ರು. ಚೆನ್ನಾಗಿ ಕೊಟ್ರಿ ಅವನಿಗೆ ಅಂತ."

"ನೀವೇನಂದ್ರಿ ಮಾವ?"

"ಏನನ್ಲಿ? ಹೂಂ ಅಂದೆ ಕಣಮ್ಮ."

ಆ ಹೂಂ ಕೇಳಿ ನನಗೆ ಮೈ ಉರಿಯಿತು. ಸೊಪ್ಪು ಕೊಯ್ದು ಕಪ್ಪಾದ ಬೆರಳಿನಿಂದ ಬರೆದವಳು ನಾನು. ಹೆಂಗಸರ ಪರ ಆಡಿದ ಮಾತಿಗೂ ಮೀಸೆಯೇ ಬೇಕಿತ್ತೆ? ಅದೇ ಫೋನಿನಲ್ಲಿ ಇನ್ನೊಂದು ಅಕೌಂಟ್ ತೆರೆದೆ. ನನ್ನ ಹೆಸರು, ಸೊಪ್ಪಿನ ಹೊರೆ ಹೊತ್ತ ನನ್ನದೇ ಫೋಟೋ.

ಟೊಮೆಟೊ ರೇಟು ಏರಿದ ಸುದ್ದಿಗೆ ಪೇಟೆಯವರೊಬ್ಬರು, ಟೊಮೆಟೊ ಇಲ್ಲದೆ ಸಾರು ಮಾಡಕ್ಕಾಗಲ್ವಾ ಎಂದು ಕೇಳಿದ್ದರು. 'ಆಗುತ್ತೆ ಸ್ವಾಮಿ, ಹುಣಸೆಹಣ್ಣು ಹಾಕಿ. ರೇಟು ಬಿದ್ದಾಗ ಮಾತ್ರ ಎರಡೆರಡು ಸಲ ಸಾರು ಮಾಡಿ' ಅಂತ ಬರೆದೆ. ಯಾರೂ ನಗಲಿಲ್ಲ. 'ಮಾವನ ಸ್ಟೈಲ್ ಕದೀಬೇಡಮ್ಮ' ಅಂತ ನಮ್ಮೂರಿನವನೇ ಒಬ್ಬ. ಅದನ್ನು ನೋಡಿ ಇನ್ನೊಬ್ಬ ತೆಲುಗಿನಲ್ಲಿ, ಎಲ್ಲ ಮಾವ ಕಲಿಸಿದ ಮಾತು ಅಂತ. ನನ್ನ ಮಾತಿಗೆ ನಾನೇ ಕಳ್ಳಿಯಾದೆ.

"ಆ ಅಕೌಂಟ್ ತೆಗೆದ್ಹಾಕೇ, ಅಪ್ಪನ ಮರ್ಯಾದೆ ಏನಾಗ್ಬೇಕು?" ಅಂದರು ನನ್ನ ಗಂಡ.

"ತೆಗೆಯಲ್ಲ. ನನ್ನ ಮರ್ಯಾದೆ ಏನಾಗ್ಬೇಕು ಅಂತ ನೀವು ಕೇಳ್ಲಿಲ್ವಲ್ಲ."

ಮಾವನಿಗೂ ಮುಖಕ್ಕೇ ಹೇಳಿದೆ. "ಇನ್ಮೇಲೆ ನಿಮ್ದು ನೀವೇ ಬರ್ಕೊಳ್ಳಿ ಮಾವ." ಮೈಕ್ ಒತ್ತಿ ಮಾತಾಡಿದರೆ ತಾನೇ ಬರೆಯುತ್ತದೆ ಎಂದು ತೋರಿಸಿಕೊಟ್ಟೆ. ಅವರು ಏನೂ ಬರೆಯಲಿಲ್ಲ. ಒಂದು ವಾರ ಕಳೆಯುವುದರೊಳಗೆ ಜನ ಶುರುಮಾಡಿದರು. ಅಣ್ಣ ಎಲ್ಲಿ, ಅಣ್ಣ ಯಾಕೆ ಸುಮ್ನಿದಾರೆ, ಈ ರಸ್ತೆಗುಂಡಿಗೆ ಅಣ್ಣ ಏನಂತಾರೆ. ಟೀ ಅಂಗಡಿಯಲ್ಲೂ ಅದೇ ಕಾಟ. ಅವರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು.

ಆ ಸಲ ಹುಳುಗಳು ಜ್ವರದಿಂದ ಎದ್ದ ಬೆಳಗ್ಗೆ ನಾನು ಸೊಪ್ಪು ಹರಡುತ್ತಿದ್ದೆ. ಮಾವ ಕಿಟಕಿಯಲ್ಲಿದ್ದ ಫೋನು ತೆಗೆದುಕೊಂಡು ಜಗಲಿಗೆ ಹೋದರು. ಮೈಕ್ ಒತ್ತಿದ ಸದ್ದು ಬಂತು. ಆಮೇಲೆ ಗದರುವ ದನಿಯಲ್ಲಿ ಎರಡೇ ಮಾತು ಕೇಳಿಸಿತು. ಫೋನು ತಂದು ಕಿಟಕಿಯಲ್ಲಿಟ್ಟು, ನನ್ನ ಕಡೆ ನೋಡದೆ ಹೊಲದ ಕಡೆ ನಡೆದರು.

ರಸ್ತೆಗುಂಡಿಯ ಸುದ್ದಿಯ ಕೆಳಗೆ ಅವರ ಮೀಸೆಯ ಫೋಟೋ ಪಕ್ಕ ಬಿದ್ದಿತ್ತು, 'ಸೊಸೆನ ಕೇಳಿ.'

ಮೆಚ್ಚಿ ಹೇಳಿದ್ದಲ್ಲ, ಬೇಸತ್ತು ಹೇಳಿದ್ದು. ಇರಲಿ, ಅವರ ಬಾಯಿಂದಲೇ ಬಂತಲ್ಲ. ಕೈ ಒರೆಸಿಕೊಂಡು, ನನ್ನ ಅಕೌಂಟಿನಿಂದ ಅದರ ಕೆಳಗೇ ಬರೆದೆ, 'ಕೇಳೋದು ಬೇಡ. ಇಷ್ಟು ದಿನ ನೀವು ಓದಿದ್ದು ನನ್ನದನ್ನೇ.'